ಚುಕ್ಕಿಯಕ್ಕನ ಆಗಸ್ಟ್ ತಿಂಗಳು

ಚುಕ್ಕಿಯಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆ. ಅದು ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಅಲ್ಲೂ ತಪ್ಪಾಗಿ ಅಚ್ಚಾಗಿತ್ತು. ಇಪ್ಪತ್ತೊಂಬತ್ತು ವರ್ಷ ಸತುವಿನ ತಗಡಿನ ಮೇಲೆ ಚುಕ್ಕಿ ಒತ್ತಿದವಳನ್ನು ಜನ ಇನ್ನೇನೆಂದು ಕರೆದಾರು? ಕಣ್ಣಿಲ್ಲದವರು ಬೆರಳಿನಿಂದ ಓದುವ ಬ್ರೈಲ್ ಮಾಸಪತ್ರಿಕೆಯೊಂದರ ಮುದ್ರಣಾಲಯದಲ್ಲಿ ಅವಳ ಕೆಲಸ. ಸಂಪಾದಕರ ಕೋಣೆ ಬಿಟ್ಟರೆ ಎರಡೇ ಕೋಣೆ. ಹಿಂದಿನದರಲ್ಲಿ ಕಾಗದ ಒತ್ತುವ ಉರುಳೆ ಯಂತ್ರ, ಅದನ್ನು ತಿರುಗಿಸುವ ಮುಂಗೋಪಿ ಮನುಷ್ಯ. ಮುಂದಿನದರಲ್ಲಿ ಚುಕ್ಕಿಯಕ್ಕನ ಯಂತ್ರ: ಆರು ಗುಂಡಿ, ಕೆಳಗೊಂದು ಪೆಡಲ್. ಬೇಕಾದ ಗುಂಡಿಗಳನ್ನು ಹಿಡಿದು ಪೆಡಲ್ ತುಳಿದರೆ ಢಣ್ ಎಂದು ತಗಡಿನ ಮೇಲೆ ಒಂದು ಅಕ್ಷರದ ಚುಕ್ಕಿಗಳು ಏಳುತ್ತವೆ. ದಿನಕ್ಕೆ ಕೆಲವು ಸಾವಿರ ಢಣ್. ಅವಳ ಬಲಗಾಲಿನ ಮೀನಖಂಡ ಎಡಗಾಲಿಗಿಂತ ಒಂದು ಸುತ್ತು ದಪ್ಪಗಿತ್ತು, ಅದನ್ನು ಅವಳೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಳು.

ಅವಳಿಗೆ ಕಣ್ಣು ಚೆನ್ನಾಗಿಯೇ ಇತ್ತು. ಕಣ್ಣಿಲ್ಲದವನು ತಮ್ಮ. ಎಂಟನೆಯ ವಯಸ್ಸಿನಲ್ಲಿ ಜ್ವರ ಬಂದು ಹೋಗುವಾಗ ದೃಷ್ಟಿಯನ್ನೂ ಕಟ್ಟಿಕೊಂಡು ಹೋಯಿತು. ಆಗ ಅಕ್ಕನಿಗೆ ಹದಿಮೂರು. ತಮ್ಮ ಶಾಲೆಯಿಂದ ತಂದ ಚುಕ್ಕಿಯ ಪಾಠವನ್ನು ಮನೆಯಲ್ಲಿ ಹೇಳಿಕೊಡುವವರು ಬೇಕಿತ್ತು, ಅವಳು ಕಲಿತಳು. ಮುಂದೆ ಅವಳನ್ನು ನೋಡಲು ಬಂದ ಗಂಡಿನ ಕಡೆಯವರೆಲ್ಲ ಕೊನೆಗೆ ಒಂದೇ ಪ್ರಶ್ನೆ ಕೇಳಿದರು: ‘ಮತ್ತೆ ತಮ್ಮ?’ ‘ತಮ್ಮ ನನ್ನ ಜೊತೆಗೇ ಬರ್ತಾನೆ’ ಎಂದು ಇವಳು ಹೇಳಿದಳು. ಮೂರನೆಯ ಸಲ ಹೇಳಿದ ಮೇಲೆ ಬರುವವರೂ ನಿಂತರು. ಇದನ್ನು ತ್ಯಾಗ ಗೀಗ ಎಂದು ಯಾರಾದರೂ ಹೊಗಳಿದರೆ ಅವಳಿಗೆ ಮೈ ಉರಿಯುತ್ತಿತ್ತು. ‘ಅವರ ಮುಖ ನನಗೂ ಹಿಡಿಸಿರಲಿಲ್ಲ’ ಎನ್ನುತ್ತಿದ್ದಳು.

ತಮ್ಮನೂ ಅದೇ ಮುದ್ರಣಾಲಯದಲ್ಲಿದ್ದ. ಅಕ್ಕ ‘ತಮ್ಮ’ ಎಂದು ಕೂಗುವುದನ್ನು ಕೇಳಿ ಉಳಿದವರು ಮರ್ಯಾದೆಗೆ ಒಂದು ಅಣ್ಣ ಸೇರಿಸಿ ‘ತಮ್ಮಣ್ಣ’ ಮಾಡಿಕೊಂಡಿದ್ದರು. ಅವನು ಪ್ರೂಫ್ ನೋಡುವವನು. ಅಕ್ಕ ಒತ್ತಿದ ತಗಡನ್ನು ಅವನ ಮುಂದಿಡುತ್ತಾರೆ. ಅವನು ಬೆರಳಾಡಿಸುತ್ತ ಗಟ್ಟಿಯಾಗಿ ಓದುತ್ತಾನೆ. ಅಕ್ಕ ಮೂಲ ಕಾಗದ ಹಿಡಿದು ಹೋಲಿಸುತ್ತಾಳೆ. ತಪ್ಪು ಸಿಕ್ಕರೆ ಆ ಚುಕ್ಕಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿ ಮತ್ತೆ ಒತ್ತಬೇಕು. ತಮ್ಮಣ್ಣನ ಬೆರಳು ಎಂಥದ್ದೆಂದರೆ, ಚಪ್ಪಟೆ ಮಾಡಿದ ಮೇಲೂ ಅಲ್ಲಿ ಹಿಂದೆ ಏನಿತ್ತೆಂದು ಓದಿಬಿಡುತ್ತಿದ್ದ. ಒಮ್ಮೆ ಸಂಪಾದಕರ ಮೇಲಿನ ಸಿಟ್ಟಿಗೆ ಚುಕ್ಕಿಯಕ್ಕ ಅವರ ಹೆಸರಿನ ಹಿಂದೆ ಒಂದು ಪ್ರಾಣಿಯ ಹೆಸರು ಒತ್ತಿ, ಆಮೇಲೆ ಹೆದರಿ ತಟ್ಟಿ ಹಾಕಿದ್ದಳು. ತಮ್ಮ ಅದನ್ನು ಸಂಪಾದಕರ ಎದುರಿಗೇ ಗಟ್ಟಿಯಾಗಿ ಓದಿದ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಹಾಗೆ, ಮಾನ ಹೋದರೂ ತಮ್ಮನ ಬೆರಳಿನ ಬಗ್ಗೆ ಅವಳಿಗೆ ಅವತ್ತು ಹೆಮ್ಮೆಯೇ ಆಯಿತು.

ಚುಕ್ಕಿಯಕ್ಕನಿಗೆ ಒಂದು ಅಭ್ಯಾಸವಿತ್ತು. ಒತ್ತುವ ಪ್ರತಿ ಮಾತನ್ನೂ ಗೊಣಗುತ್ತ ಒತ್ತುವುದು. ಮೊದಮೊದಲು ತಮ್ಮನಿಗೆ ಅದರಿಂದ ತಲೆನೋವು. ಈಗ ಕೆಲವು ತಿಂಗಳಿಂದ ಮಾತ್ರ ಅವನೇ, ‘ಅಕ್ಕಾ, ಸ್ವಲ್ಪ ಗಟ್ಟಿಯಾಗಿ ಗೊಣಗು, ಸುಮ್ನೆ ಕೂತ್ರೆ ನಿದ್ದೆ ಬರುತ್ತೆ’ ಎನ್ನತೊಡಗಿದ್ದ. ಅಷ್ಟೇ ಅಲ್ಲ, ಫೆಬ್ರವರಿಯಿಂದ ಈಚೆಗೆ ಅವಳ ತಗಡುಗಳಲ್ಲಿ ಅವನಿಗೆ ಒಂದೇ ಒಂದು ತಪ್ಪು ಸಿಕ್ಕಿರಲಿಲ್ಲ. ಐವತ್ತೇಳರ ವಯಸ್ಸಿಗೆ ಕೈ ಪಳಗಿತು ಎಂದು ಅವಳು ಬೀಗಿದಳು. ಆರು ತಿಂಗಳು ತುಂಬಿದ ದಿನ ಬಿಸ್ಕತ್ತು ಪೊಟ್ಟಣ ತಂದು ಹಂಚಿದಳು. ತಮ್ಮ ಸಕ್ಕರೆ ಕಾಯಿಲೆಯ ನೆಪ ಹೇಳಿ ತಿನ್ನಲಿಲ್ಲ. ನಡುವೆ ಓದುಗರಿಂದ ‘ಅಲ್ಲಲ್ಲಿ ತಪ್ಪುಗಳಿವೆ’ ಎಂದು ಎರಡು ಕಾಗದ ಬಂದವು. ಉರುಳೆಯವನು ಸರಿಯಾಗಿ ಒತ್ತಿಲ್ಲ ಎಂದು ಚುಕ್ಕಿಯಕ್ಕ ತೀರ್ಮಾನ ಕೊಟ್ಟಳು, ಉರುಳೆಯವನು ಎರಡು ದಿನ ಅವಳೊಡನೆ ಮಾತು ಬಿಟ್ಟ.

ಪತ್ರಿಕೆಯಲ್ಲಿ ಎಲ್ಲರೂ ಮೊದಲು ತೆರೆಯುತ್ತಿದ್ದದ್ದು ‘ತಿಂಗಳ ಲೋಕ’ ಎನ್ನುವ ಪುಟಗಳನ್ನು. ಆ ತಿಂಗಳು ಜಗತ್ತಿನಲ್ಲಿ ಆದದ್ದೆಲ್ಲ ಎರಡು ತಗಡಿನೊಳಗೆ ಬರಬೇಕು. ಬರೆಯುವವರು ಸಂಪಾದಕರು, ನಿವೃತ್ತ ಭೂಗೋಳದ ಮೇಷ್ಟ್ರು. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಚುಕ್ಕಿಯಕ್ಕ ಲೋಕವನ್ನು ಅಳೆಯುತ್ತಿದ್ದದ್ದು ಸಾಲಿನಲ್ಲಿ. ಸರ್ಕಾರ ಬಿದ್ದರೆ ಮೂರು ಸಾಲು, ಭೂಕಂಪಕ್ಕೆ ಆರು. ಹಿಂದಿನ ಸಂಚಿಕೆಯಲ್ಲಿ ಕಾಲ್ಚೆಂಡಿನ ವಿಶ್ವಕಪ್‌ಗೆ ಹತ್ತೊಂಬತ್ತು ಸಾಲು ಹೋದದ್ದನ್ನು ಅವಳು ಇನ್ನೂ ಕ್ಷಮಿಸಿರಲಿಲ್ಲ.

ಇದು ಎರಡು ಸಾವಿರದ ಹತ್ತನೆಯ ಇಸವಿಯ ಆಗಸ್ಟ್. ಆ ತಿಂಗಳು ಲೋಕಕ್ಕೆ ಏನೋ ಬಡಿದಂತಿತ್ತು. ರಷ್ಯಾದಲ್ಲಿ ಬಿಸಿಲಿಗೆ ಕಾಡು ಹೊತ್ತಿ ರಾಜಧಾನಿಯ ತುಂಬ ಹೊಗೆ. ಹದಿನೈದರಿಂದ ಗೋಧಿ ಹೊರಗೆ ಕಳಿಸುವುದಿಲ್ಲ ಎಂದು ಅವರು ಬಾಗಿಲು ಹಾಕಿಕೊಂಡರು. ಪಾಕಿಸ್ತಾನದಲ್ಲಿ ನದಿ ಉಕ್ಕಿ ಕೋಟಿಗಟ್ಟಲೆ ಜನ ಮುಳುಗಿದ ಊರು ಬಿಟ್ಟು ನಡೆದರು. ಚೀನಾದಲ್ಲಿ ಬೆಟ್ಟ ಕುಸಿದು ಕೆಸರು ಒಂದು ಪಟ್ಟಣವನ್ನೇ ನುಂಗಿತು. ‘ಒಂದು ಕಡೆ ನೀರಿಲ್ಲ ಅಂತ ಸುಡ್ತಾರೆ, ಇನ್ನೊಂದು ಕಡೆ ನೀರಲ್ಲೇ ಮುಳುಗ್ತಾರೆ. ಹಂಚೋಕೆ ಬರದ ದೇವರು’ ಎಂದು ಚುಕ್ಕಿಯಕ್ಕ ಗೊಣಗಿದಳು, ಅದನ್ನು ಒತ್ತಲಿಲ್ಲ.

ಇವೆಲ್ಲದರ ನಡುವೆ ಚಿಲಿ ದೇಶದ ಒಂದು ಗಣಿ. ಐದನೆಯ ತಾರೀಖು, ಗುರುವಾರ, ಗಣಿ ಕುಸಿದು ಮೂವತ್ತಮೂರು ಮಂದಿ ಒಳಗೆ ಸಿಕ್ಕಿಕೊಂಡರು. ಏಳುನೂರು ಮೀಟರ್ ಆಳ. ಮೇಲಿನಿಂದ ಸಣ್ಣ ತೂತು ಕೊರೆದು ಹುಡುಕುತ್ತಲೇ ಇದ್ದರು. ಉಳಿದ ಸುದ್ದಿಗೆ ‘ಹೂಂ’ ಎನ್ನುತ್ತಿದ್ದ ತಮ್ಮ ಇದೊಂದಕ್ಕೆ ಮಾತ್ರ ಕಿವಿ ನೆಟ್ಟ. ಬೆಳಿಗ್ಗೆ ರೇಡಿಯೋ, ಮಧ್ಯಾಹ್ನ ರೇಡಿಯೋ. ಊಟ ತಣ್ಣಗಾದರೂ ರೇಡಿಯೋ.

‘ಕತ್ತಲಲ್ಲಿ ಇದ್ದಾರೆ ಅಂತ ಎಲ್ಲರೂ ಅಯ್ಯೋ ಅಂತಾರೆ’ ಎಂದ ಒಂದು ದಿನ. ‘ಕತ್ತಲು ದೊಡ್ಡದಲ್ಲ ಅಕ್ಕಾ. ಅದು ಅಭ್ಯಾಸ ಆಗುತ್ತೆ. ಗೋಡೆ ಮುಟ್ಟಿದ್ರೆ ಗೋಡೆ ಅಂತ ಗೊತ್ತಾಗ್ತಿದ್ರೆ ಸಾಕು.’

ಅವಳು ಆಗ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ತೋರುಬೆರಳಿನ ತುದಿಯಲ್ಲಿ ಸುಟ್ಟ ಬೊಕ್ಕೆ ಎದ್ದಿತ್ತು. ‘ಇದೇನೋ?’ ಎಂದರೆ ‘ಚಹಾ ಲೋಟ ಬಿಸಿ ಇತ್ತು’ ಎಂದ. ಬಿಸಿ ಇದ್ದರೆ ಕೈ ಬಿಡಬೇಕಲ್ಲ ಎಂದು ಬೈದು ಎಣ್ಣೆ ಹಚ್ಚಿದಳು.

ಇಪ್ಪತ್ತನೆಯ ತಾರೀಖು ಶುಕ್ರವಾರ ಏಳನೆಯ ಪುಟ ಮುಗಿಸುವ ದಿನ. ಹದಿನೈದು ದಿನವಾಗಿತ್ತು, ಕೊರೆದ ತೂತುಗಳು ಗುರಿ ತಪ್ಪಿದ್ದವು. ಮೇಷ್ಟ್ರು ಬರೆದುಕೊಟ್ಟರು: ‘ಗಣಿಯಲ್ಲಿ ಸಿಲುಕಿದ 33 ಮಂದಿ ಬದುಕಿರುವ ಆಸೆಯನ್ನು ಇನ್ನು ಬಿಡಬೇಕಾಗಿದೆ.’ ತಮ್ಮ ಒಪ್ಪಲಿಲ್ಲ.

‘ಸಿಕ್ಕಿಲ್ಲ ಅಂತ ಬರೀರಿ ಮೇಷ್ಟ್ರೇ. ಸತ್ತರು ಅಂತ ಯಾಕೆ?’

‘ಸತ್ತರು ಅಂದಿಲ್ಲ ತಮ್ಮಣ್ಣ. ಆಸೆ ಬಿಡಬೇಕು ಅಂದಿದ್ದೀನಿ.’

‘ಎರಡಕ್ಕೂ ಏನು ವ್ಯತ್ಯಾಸ?’

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಕೋಣೆಗೆ ಹೋದರು. ಸೋಮವಾರ ಮೂವತ್ತಕ್ಕೆ ಉರುಳೆ ತಿರುಗಬೇಕು, ಅಂಚೆಗೆ ಹಾಕಬೇಕು. ಯಾರಿಗೂ ಚರ್ಚೆಗೆ ಪುರುಸೊತ್ತಿರಲಿಲ್ಲ. ಚುಕ್ಕಿಯಕ್ಕ ಏಳನೆಯ ತಗಡು ಒತ್ತಿ ಮೂಲೆಯಲ್ಲಿ ಮೊಳೆಯಿಂದ ‘7’ ಎಂದು ಗೀರಿ ಇಟ್ಟಳು.

ಇಪ್ಪತ್ತಮೂರು ಸೋಮವಾರ ಬೆಳಿಗ್ಗೆ ರೇಡಿಯೋ ಬೇರೆಯೇ ಹೇಳಿತು. ಒಂದು ತೂತು ಕೊನೆಗೂ ಅವರಿದ್ದ ಕಡೆ ತಲುಪಿತ್ತು. ಮೇಲಿನವರಿಗೆ ಕೆಳಗಿನಿಂದ ಸಲಾಕೆ ಬಡಿಯುವ ಸದ್ದು ಕೇಳಿತಂತೆ. ಕೊರೆಯುವ ಕಂಬಿಯನ್ನು ಎಳೆದು ತೆಗೆದರೆ ತುದಿಯಲ್ಲಿ ಕಟ್ಟಿದ ಚೀಟಿ, ಕೆಂಪು ಶಾಯಿಯಲ್ಲಿ: ‘ಆಸರೆಯಲ್ಲಿ ನಾವು ಮೂವತ್ತಮೂರೂ ಮಂದಿ ಚೆನ್ನಾಗಿದ್ದೇವೆ.’ ಹದಿನೇಳು ದಿನ. ಎರಡು ದಿನಕ್ಕೊಮ್ಮೆ ಎರಡು ಚಮಚ ಡಬ್ಬಿಯ ಮೀನು ತಿಂದು ಬದುಕಿದ್ದರು. ತಮ್ಮ ಹಲ್ಲುಜ್ಜುವುದನ್ನೂ ಬಿಟ್ಟು ಅಡುಗೆಮನೆಗೆ ಬಂದು ಅಕ್ಕನ ಭುಜ ಹಿಡಿದು ಅಲ್ಲಾಡಿಸಿದ. ಇಬ್ಬರೂ ಸುಮ್ಮಸುಮ್ಮನೆ ನಕ್ಕರು. ನೋಡಿಲ್ಲದ ಮೂವತ್ತಮೂರು ಜನಕ್ಕಾಗಿ ಅವಳ ಕಣ್ಣಲ್ಲಿ ನೀರು ಬಂತು.

ಮೇಷ್ಟ್ರು ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಒಂಬತ್ತು ಸಾಲು ಬರೆದು ತಂದರು. ಅಷ್ಟನ್ನು ಹಳೆಯ ತಗಡಿನಲ್ಲಿ ತಟ್ಟಿ ಕೂಡಿಸಲು ಆಗದೆ ಚುಕ್ಕಿಯಕ್ಕ ಹೊಸ ತಗಡನ್ನೇ ತೆಗೆದಳು. ಅವತ್ತು ಅವಳು ಗೊಣಗಲಿಲ್ಲ, ಹಾಡಿದಳು ಎನ್ನಬೇಕು. ಆರು ಹೆಜ್ಜೆ ದೂರದಲ್ಲಿ ತಮ್ಮ ತಲೆದೂಗುತ್ತ ಕೂತಿದ್ದ. ಮುಗಿಸಿ ಮೂಲೆಯಲ್ಲಿ ‘7’ ಗೀರಿ, ಹೊಸದೆಂಬ ಗುರುತಿಗೆ ಕೆಳಗೊಂದು ಅಡ್ಡಗೆರೆ ಎಳೆದಳು. ಅಷ್ಟರಲ್ಲಿ ಚಹಾ ಬಂತು. ಚಹಾ ಕುಡಿದು ಬಂದು ತಗಡನ್ನು ತಮ್ಮನ ಮುಂದಿಟ್ಟು ಮೂಲ ಕಾಗದ ಹಿಡಿದಳು. ತಮ್ಮ ಬೆರಳಾಡಿಸುತ್ತ ಓದಿದ. ಹದಿನೇಳು ದಿನ, ಬಡಿತದ ಸದ್ದು, ಕೆಂಪು ಶಾಯಿಯ ಚೀಟಿ, ಒಂಬತ್ತೂ ಸಾಲು ನೀರು ಕುಡಿದಂತೆ. ‘ಒಂದೂ ತಪ್ಪಿಲ್ಲ ಅಕ್ಕಾ.’

ಉರುಳೆ ಕೋಣೆಗೆ ಒಯ್ಯುವಾಗ ಬಾಗಿಲ ಬೆಳಕಿನಲ್ಲಿ ಅವಳ ಕಣ್ಣು ಮೂಲೆಗೆ ಬಿತ್ತು. ಏಳರ ಕೆಳಗೆ ಗೆರೆ ಇರಲಿಲ್ಲ. ಚುಕ್ಕಿಗಳನ್ನು ನೋಡಿದಳು. ‘ಆಸೆಯನ್ನು ಇನ್ನು ಬಿಡಬೇಕಾಗಿದೆ.’

ಹಳೆಯ ತಗಡು. ಹೊಸದು ರದ್ದಿಯ ರಾಶಿಯ ಮೇಲೆ ಕೂತಿತ್ತು. ಚಹಾದ ಗಡಿಬಿಡಿಯಲ್ಲಿ ಅದಲುಬದಲು ಮಾಡಿದ್ದಳು. ಮೊದಲು ಅವಳಿಗೆ ನಗು ಬಂತು. ತಮಾಷೆ ಮಾಡ್ತಾನೆ, ಕಳ್ಳ, ಎಂದುಕೊಂಡು ಹಿಂದಿರುಗಿ ನೋಡಿದಳು. ತಮ್ಮ ತಮಾಷೆ ಮಾಡಿದವನ ಹಾಗೆ ಕೂತಿರಲಿಲ್ಲ. ಬಲಗೈಯ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ನೀವಿಕೊಳ್ಳುತ್ತಿದ್ದ. ಅವಳು ತಗಡು ಬದಲಿಸಿ, ಏನೂ ಆಗದವಳಂತೆ ಬಂದು ಕೂತಳು.

ಮರುದಿನ ಅವಳು ಮಾಡಿದ ಕೆಲಸಕ್ಕೆ ಆಮೇಲೆ ತಾನೇ ಎಷ್ಟೋ ಸಲ ಬೈದುಕೊಂಡಳು. ಎಂಟನೆಯ ತಗಡನ್ನು ತುಟಿ ಬಿಗಿದುಕೊಂಡು ಒತ್ತಿದಳು. ಬರೀ ಢಣ್ ಢಣ್.

‘ಏನಕ್ಕಾ, ಬಾಯಿಗೆ ಬೀಗ ಹಾಕ್ಕೊಂಡಿದ್ದೀಯ?’

‘ಗಂಟಲು ನೋವು.’

ತಮ್ಮ ಕುರ್ಚಿ ಹತ್ತಿರ ಎಳೆದುಕೊಂಡ. ‘ಏನು ಸುದ್ದಿ ಅದು?’

‘ಚೀನಾದ್ದು. ಹೆದ್ದಾರೀಲಿ ನೂರು ಕಿಲೋಮೀಟರ್ ಉದ್ದ ಲಾರಿ ನಿಂತಿದ್ದಾವಂತೆ. ಹತ್ತು ದಿನ ಆಯ್ತು.’

‘ಇನ್ನೇನಿದೆ ಅದ್ರಲ್ಲಿ?’

‘ಓದ್ತೀಯಲ್ಲ, ಓದು’ ಎಂದು ತಗಡು ಮುಂದಿಟ್ಟಳು. ತಮ್ಮನ ಬೆರಳು ಮೊದಲ ಸಾಲಿನ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು. ಹಣೆಯಲ್ಲಿ ಬೆವರು. ‘ತಲೆ ಸಿಡೀತಿದೆ ಅಕ್ಕಾ. ನಾಳೆ ನೋಡ್ತೀನಿ’ ಎಂದ. ಆಗಲಿ ಎಂದಳು. ಅವನು ಕೈ ತೊಳೆಯಲು ಹೋದಾಗ ತಾನೇ ಕಣ್ಣಿಟ್ಟು, ಅಚ್ಚಿಗೆ ತಯಾರಾಗಿದ್ದ ತಗಡುಗಳನ್ನೆಲ್ಲ ಓದಿದಳು. ಹನ್ನೊಂದು ತಪ್ಪು, ಒಂದೊಂದನ್ನೂ ತಟ್ಟಿ ಸರಿಮಾಡಿದಳು. ಆರು ತಿಂಗಳ ಹೆಮ್ಮೆ, ಒಂದು ಪೊಟ್ಟಣ ಬಿಸ್ಕತ್ತು. ಉರುಳೆಯವನ ಮೇಲೆ ಹೊರಿಸಿದ ಅಪವಾದ ನೆನಪಾಗಿ ಅವಳಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಆದರೆ ಅವಳನ್ನು ಕಾಡಿದ್ದು ತಪ್ಪುಗಳಲ್ಲ, ಮನೆಯ ಓದು. ಮನೆಯಲ್ಲಿ ಎರಡು ಗೋಡೆ ತುಂಬ ತಮ್ಮನ ಪುಸ್ತಕಗಳಿದ್ದವು; ಬ್ರೈಲ್ ಪುಸ್ತಕವೆಂದರೆ ಒಂದೊಂದೂ ದಿಂಬಿನಷ್ಟು ದಪ್ಪ. ಸಂಜೆ ಅವಳು ಅಡುಗೆ ಮಾಡುವಾಗ ಅವನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಪುಸ್ತಕವನ್ನು ಮಡಿಲಲ್ಲಿಟ್ಟು ಗಟ್ಟಿಯಾಗಿ ಓದುವುದು ಅವರ ಮನೆಯ ಪದ್ಧತಿ. ಮಾರ್ಚಿನಿಂದ ಒಂದು ಸಮುದ್ರಯಾನದ ಕಥೆ ನಡೆದಿತ್ತು. ಶುರುವಿನಲ್ಲಿ ನೀರಸ, ಆಮೇಲಾಮೇಲೆ ಎಷ್ಟು ಸೊಗಸಾಯಿತೆಂದರೆ ಅವಳು ಎರಡು ಸಲ ಹಾಲು ಉಕ್ಕಿಸಿದ್ದಳು.

ಆ ಮಂಗಳವಾರ ಸಂಜೆಯೂ ಅವನು ಪುಸ್ತಕ ಹಿಡಿದ. ಅವಳು ಆಲೂಗಡ್ಡೆ ಸಿಪ್ಪೆ ತೆಗೆಯುತ್ತ, ಬರಿಗಾಲಲ್ಲಿ ಹೋಗಿ ಅವನ ಹಿಂದೆ ನಿಂತಳು. ಪುಟದಲ್ಲಿ ಹಡಗು ಇನ್ನೂ ಬಂದರಿನಲ್ಲೇ ಇತ್ತು, ಆಳುಗಳು ಹಗ್ಗ ತುಂಬುತ್ತಿದ್ದರು. ತಮ್ಮನ ಬಾಯಲ್ಲಿ ಹಡಗಿಗೆ ಬೆಂಕಿ ಬಿದ್ದಿತ್ತು, ಅಡುಗೆಯವನು ಗಿಣಿಯ ಪಂಜರ ಹಿಡಿದು ನೀರಿಗೆ ಹಾರಿದ್ದ. ಬೆರಳು ಸಾಲಿನಿಂದ ಸಾಲಿಗೆ ಮರ್ಯಾದೆಯಾಗಿ ಸರಿಯುತ್ತಿತ್ತು.

 ಚುಕ್ಕಿಯಕ್ಕ ಹೇಳಿದಳು: ‘ಪುಸ್ತಕ ಮುಚ್ಚಿಟ್ಟು ಹೇಳು ಕಣೋ. ಭಾರ ಅಲ್ವಾ?’

ಬೆರಳು ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾರಲ್ಲ, ಅವನು ಎರಡೂ ಕೈಯನ್ನು ಪುಸ್ತಕದ ಅಡಿಗೆ ಸೇರಿಸಿದ.

‘ಯಾವತ್ತು ಗೊತ್ತಾಯ್ತು?’

‘ನಿನ್ನೆ. ನಿನ್ನ ಕೈಗೆ ಹಳೇ ತಗಡು ಕೊಟ್ಟಿದ್ದೆ. ಅದರಲ್ಲಿ ಅವರು ಸತ್ತಿದ್ರು, ನೀನು ಬದುಕಿಸಿಬಿಟ್ಟೆ.’

ಅವನು ನಗಲು ನೋಡಿದ, ಆಗಲಿಲ್ಲ. ‘ಫೆಬ್ರವರಿಯಿಂದ. ಮೊದಲು ಜುಮ್ ಅಂತಿತ್ತು. ಆಮೇಲೆ ಕೈಗವಸು ಹಾಕ್ಕೊಂಡ ಹಾಗೆ. ಈಗ ತಗಡು ಮುಟ್ಟಿದ್ರೂ ಒಂದೇ, ಮೇಜು ಮುಟ್ಟಿದ್ರೂ ಒಂದೇ. ಸಕ್ಕರೆ ಕಾಯಿಲೆಯವರಿಗೆ ಹೀಗಾಗುತ್ತಂತೆ. ಡಾಕ್ಟ್ರು ಹೋದದ್ದು ವಾಪಸ್ ಬರಲ್ಲ ಅಂದ್ರು.’

‘ಡಾಕ್ಟ್ರ ಹತ್ರ ನೀನೊಬ್ಬನೇ ಹೋಗಿದ್ದೆಯಾ?’

‘ಉರುಳೆಯವನು ಕರ್ಕೊಂಡು ಹೋಗಿದ್ದ. ಅವನ ಮೇಲೆ ಕೋಪ ಮಾಡ್ಕೋಬೇಡ, ನಾನೇ ಆಣೆ ಹಾಕಿಸಿದ್ದೆ.’

ತಾನು ಬೈದರೂ ಆ ಮುಂಗೋಪಿ ಬಾಯಿ ಬಿಡದೆ ಬೈಸಿಕೊಂಡಿದ್ದ. ‘ನನಗೆ ಯಾಕೆ ಹೇಳಲಿಲ್ಲ?’ ಎಂದಳು. ದನಿ ಜೋರಾಯಿತು. ‘ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಷ್ಟು ದಿನ ನಡೆಸ್ತಿದ್ದೆ?’

‘ಹೇಳಿದ್ರೆ ನೀನು ಏನು ಮಾಡ್ತಿದ್ದೆ? ಕೂತ್ಕೋ ಅಂತಿದ್ದೆ. ಊಟ ತಂದು ಕೊಡ್ತಿದ್ದೆ. ಎಂಟು ವರ್ಷದಲ್ಲಿ ಕಣ್ಣು ಹೋದಾಗ ನನಗೆ ಅಷ್ಟು ಭಯ ಆಗಿರಲಿಲ್ಲ ಅಕ್ಕಾ, ಓದೋಕೆ ಇನ್ನೊಂದು ದಾರಿ ಇದೆ ಅಂತ ನೀನೇ ತೋರಿಸಿದ್ದೆ. ಈಗ ಯಾವ ದಾರಿ ಇದೆ? ಕೆಲಸ ಹೋದ್ರೆ ಹೋಗ್ಲಿ. ಓದೇ ಹೋಯ್ತಲ್ಲ.’

ಆಲೂಗಡ್ಡೆ, ಚಾಕು ಎರಡನ್ನೂ ನೆಲಕ್ಕಿಟ್ಟು ಅವಳು ಅವನ ಪಕ್ಕ ಕೂತಳು. ಸಮಾಧಾನದ ಮಾತು ಅವಳಿಗೆ ಯಾವತ್ತೂ ಬರುತ್ತಿರಲಿಲ್ಲ. ಅವನೇ ಮೂಗು ಒರೆಸಿಕೊಂಡು, ನಾಚಿಕೆಯಿಂದೆಂಬಂತೆ ಇನ್ನೊಂದು ಹೇಳಿದ: ಕೈ ಬೆರಳೇ ಇಲ್ಲದ ಕೆಲವರು ತುಟಿಯಿಂದ ಓದುತ್ತಾರೆಂದು ಶಾಲೆಯಲ್ಲಿ ಕೇಳಿದ್ದನಂತೆ. ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು ಒಂದು ರದ್ದಿ ತಗಡಿಗೆ ತುಟಿ ಹಚ್ಚಿ ನೋಡಿದ್ದ.

‘ಹಳೇ ನಾಣ್ಯ ಚೀಪಿದ ಹಾಗಿತ್ತು. ಥೂ! ಕಾಗದದ ಮೇಲೆ ಅರ್ಧ ಸಾಲು ಹತ್ತಿತು. ಆದ್ರೆ ಯಾರಾದ್ರೂ ನೋಡಿದ್ರೆ ಏನಂತಾರೆ? ಮದುವೆ ಆಗದವನ ಗತಿ ನೋಡಿ, ಕಾಗದಕ್ಕೆ ಮುತ್ತು ಕೊಡ್ತಿದ್ದಾನೆ ಅಂತಾರೆ.’

‘ಅಂದ್ರೆ ಅನ್ನಲಿ. ನನಗೂ ಮದುವೆ ಆಗಿಲ್ಲ, ನಾನು ಸುತ್ತಿಗೆಗೆ ಗಂಟು ಬಿದ್ದಿಲ್ವಾ?’ ಎಂದಳು ಚುಕ್ಕಿಯಕ್ಕ. ‘ಆ ಅರ್ಧ ಸಾಲಲ್ಲಿ ಏನಿತ್ತು?’

‘ನೆನಪಿಲ್ಲ. ಹತ್ತಿತು ಅನ್ನೋ ಖುಷೀಲಿ ಮರೆತುಬಿಟ್ಟೆ.’

ಬುಧವಾರ ಬೆಳಿಗ್ಗೆ ತಮ್ಮಣ್ಣ ತಾನೇ ಮೇಷ್ಟ್ರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದ. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಮೇಷ್ಟ್ರು ಬಹಳ ಹೊತ್ತು ಕನ್ನಡಕ ಒರೆಸಿದರು. ‘ಪ್ರೂಫ್ ಅಂದ್ರೆ ತಪ್ಪು ಹಿಡಿಯೋ ಕೆಲಸ ತಮ್ಮಣ್ಣ. ಕೇಳಿದ್ದನ್ನ ಒಪ್ಪಿಸೋದಲ್ಲ. ಮುನ್ನೂರ ನಲವತ್ತು ಜನ ನಮ್ಮನ್ನ ನಂಬಿ ಓದ್ತಾರೆ’ ಎಂದರು. ಅಂಧರ ಶಾಲೆಗೆ ಕಾಗದ ಬರೆದು ಬೇರೆಯವರನ್ನು ಕೇಳುತ್ತೇನೆ, ಮುಂದಿನ ಸಂಚಿಕೆಗೆ ಅವರು ಬರಬಹುದು ಎಂದರು. ದನಿ ಗಡಸಾಗಿರಲಿಲ್ಲ. 

ಚುಕ್ಕಿಯಕ್ಕ ಬಾಗಿಲಿಂದ ಒಳಗೆ ಬಂದಳು. ‘ಸೋಮವಾರದವರೆಗೆ ಅವನೇ ಪ್ರೂಫ್ ನೋಡೋನು ತಾನೇ? ಹಾಗಾದ್ರೆ ತಗಡು ಬೇಡ, ಎಲ್ಲಾನೂ ಒಂದೊಂದು ಹಾಳೆ ಕಾಗದದ ಮೇಲೆ ಒತ್ತಿಸಿ ಕೊಡಿ. ಮನೆಗೆ ತಗೊಂಡು ಹೋಗ್ತಾನೆ.’

‘ಅಷ್ಟು ಕಾಗದ...’

‘ಕಾಲ್ಚೆಂಡಿಗೆ ಹತ್ತೊಂಬತ್ತು ಸಾಲು ಕೊಟ್ಟಾಗ ಕಾಗದದ ನೆನಪು ಬರಲಿಲ್ವಾ ಮೇಷ್ಟ್ರೇ?’

ಉರುಳೆಯವನು ಒಂದು ಮಾತೂ ಆಡದೆ ಅವತ್ತೇ ಒಂದು ಸೆಟ್ ಒತ್ತಿಕೊಟ್ಟ. ಚುಕ್ಕಿಗಳನ್ನು ಸ್ವಲ್ಪ ಗಟ್ಟಿಯಾಗಿಯೇ ಒತ್ತಿದ್ದ. ಚುಕ್ಕಿಯಕ್ಕ ಅವನ ಮುಂದೆ ಒಂದು ಬಿಸ್ಕತ್ತು ಪೊಟ್ಟಣ ಇಟ್ಟು ಬಂದಳು.

ಗುರುವಾರದಿಂದ ಭಾನುವಾರದವರೆಗೆ ಅವರ ಮನೆ ಹೊಸದಾಗಿ ಶಾಲೆಗೆ ಸೇರಿದ ಮಕ್ಕಳ ಮನೆಯಂತಾಯಿತು. ತಮ್ಮ ಕಿಟಕಿಯ ಬಳಿ ಕೂತು ಹಾಳೆಯನ್ನು ಎರಡೂ ಕೈಯಿಂದ ಎತ್ತಿ, ಕೆಳತುಟಿಯ ಮೇಲೆ ಅಂಗುಲ ಅಂಗುಲ ಸರಿಸುತ್ತಿದ್ದ. ತುಟಿ ಒದ್ದೆಯಾದರೆ ಕಾಗದ ಮೆತ್ತಗಾಗಿ ಚುಕ್ಕಿ ಕೂತುಬಿಡುತ್ತದೆ. ಆದ್ದರಿಂದ ಹೆಗಲ ಮೇಲೆ ಟವೆಲ್. ಮೊದಲ ದಿನ ಒಂದು ಸಾಲಿಗೆ ಕಾಲು ಗಂಟೆ. ತುಟಿ ಕೆಂಪಾಗಿ ಊದಿಕೊಂಡಿತು. ಶುಕ್ರವಾರ ಅವನು ಹಾಳೆಯನ್ನು ಬಿಸಾಡಿ ಮಲಗಿಬಿಟ್ಟ. ಅವಳು ಅದನ್ನು ಎತ್ತಿ ನೆರಿಗೆ ತೀಡಿ ಕುರ್ಚಿಯ ಮೇಲಿಟ್ಟು ತನ್ನ ಪಾಡಿಗೆ ಬಟ್ಟೆ ಒಗೆಯಲು ಹೋದಳು. ಬರುವಷ್ಟರಲ್ಲಿ ಅವನು ಮತ್ತೆ ಕೂತಿದ್ದ. ಶನಿವಾರ ರೇಡಿಯೋ ಹೇಳಿತು: ಸಿಕ್ಕಿದ್ದಾರೆ ನಿಜ, ಆದರೆ ಅವರನ್ನು ಹೊರಗೆ ತೆಗೆಯಲು ಇನ್ನೂ ನಾಲ್ಕು ತಿಂಗಳು ಹಿಡಿಯಬಹುದಂತೆ.

‘ನಾಲ್ಕು ತಿಂಗಳು’ ಎಂದ ತಮ್ಮ, ತುಟಿ ಒರೆಸಿಕೊಳ್ಳುತ್ತ. ‘ಇನ್ನೂ ಬಂದಿಲ್ಲ. ಇದ್ದಾರೆ ಅಂತ ಗೊತ್ತಾಗಿದೆ, ಅಷ್ಟೆ.’

ಭಾನುವಾರ ಸಂಜೆಯ ಹೊತ್ತಿಗೆ ಏಳನೆಯ ಪುಟ ಬಂತು. ಈ ಪುಟವನ್ನು ಚುಕ್ಕಿಯಕ್ಕ ತಾನೇ ಎರಡು ಸಲ ಕಣ್ಣಿಟ್ಟು ನೋಡಿದ್ದಳು. ಹನ್ನೊಂದು ತಪ್ಪು ಸಿಕ್ಕ ಮೇಲೆ ಅವಳಿಗೆ ತನ್ನ ಮೇಲೆ ನಂಬಿಕೆ ಇರಲಿಲ್ಲ. ಆದರೂ ಇದರಲ್ಲಿ ಏನೂ ಇಲ್ಲವೆಂದು ಖಾತ್ರಿ ಇತ್ತು. ಆಲೂಗಡ್ಡೆ ಬೇಯಲು ಇಟ್ಟಳು. ನೀರು ಕುದಿಯುವಷ್ಟರಲ್ಲಿ ತಮ್ಮ ಒಂದು ಸಾಲು ದಾಟಿದ. ಗಡ್ಡೆ ಬೆಂದಾಗ ನಾಲ್ಕನೆಯದರಲ್ಲಿದ್ದ. ಅವಳು ಅವಸರ ಮಾಡಲಿಲ್ಲ. ಆರಿಸಿ, ಸಿಪ್ಪೆ ತೆಗೆದು, ಉಪ್ಪು ಹಾಕಿ ಮುಚ್ಚಿಟ್ಟಳು. ಅವನು ಕೊನೆಯ ಸಾಲಿಗೆ ಬಂದಿದ್ದ. ಅಲ್ಲಿ ನಿಂತ. ಹಾಳೆಯನ್ನು ಇಳಿಸಿ ಟವೆಲಿನಿಂದ ತುಟಿ ಒರೆಸಿದ, ಮತ್ತೆ ಎತ್ತಿದ. ಮತ್ತೆ ಅದೇ ಜಾಗ.

‘ಅಕ್ಕಾ.’

‘ಏನೋ?’

‘ಎಷ್ಟು ಮಂದಿ ಸಿಕ್ಕಿದ್ರು?’

‘ಮೂವತ್ತಮೂರು. ಲೋಕಕ್ಕೆಲ್ಲ ಗೊತ್ತು.’

‘ಇಲ್ಲಿ ಮೂವತ್ತೊಂದಿದೆ.’

ಅವಳು ಕೈಯಲ್ಲಿದ್ದ ಸೌಟಿನ ಸಮೇತ ಬಂದು ಬಗ್ಗಿ ನೋಡಿದಳು. ಬ್ರೈಲಿನಲ್ಲಿ ಮೂರಕ್ಕೆ ಎರಡು ಚುಕ್ಕಿ, ಪಕ್ಕಪಕ್ಕ, ಒಂದಕ್ಕೆ ಒಂದೇ. ಕೊನೆಯ ಸಾಲಿನ ಎರಡನೆಯ ಮೂರರಲ್ಲಿ ಬಲಗಡೆಯ ಚುಕ್ಕಿ ಇರಲಿಲ್ಲ. ಎರಡು ಸಲ ನೋಡಿದ್ದಳು. ಇರಬೇಕಾದ ಚುಕ್ಕಿಯನ್ನು ಎರಡು ಸಲವೂ ಕಣ್ಣು ತಾನೇ ಸೇರಿಸಿಕೊಂಡು ಓದಿತ್ತು.

‘ಇಬ್ಬರನ್ನ ಒಳಗೇ ಬಿಟ್ಟು ಬಂದಿದ್ದೀಯಲ್ಲ ಅಕ್ಕಾ!’ ಎಂದ ತಮ್ಮ. ಊದಿದ ತುಟಿಯಲ್ಲೇ ಅಗಲವಾಗಿ ನಗುತ್ತಿದ್ದ. ‘ಅಷ್ಟು ದಿನ ಎರಡು ಚಮಚ ಮೀನು ತಿಂದು ಕಾದಿದ್ದಾರೆ ಪಾಪ. ನಿನಗೆ ಒಂದು ಚುಕ್ಕಿ ಹಾಕೋಕೆ ಆಗಲಿಲ್ವಾ?’

ಬೈಯಬೇಕೆಂದು ಅವಳು ಬಾಯಿ ತೆರೆದಳು. ಅಳು ಬಂತು. ಸೌಟು ಹಿಡಿದುಕೊಂಡೇ ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ಅತ್ತಳು. ‘ಇನ್ನೊಂದು ಸಲ ಓದು’ ಎಂದಳು. ಅವನು ಓದಿದ.

ಸೋಮವಾರ ಬೆಳಿಗ್ಗೆ ಉರುಳೆ ತಿರುಗುವ ಮೊದಲು ಅವಳು ಏಳನೆಯ ತಗಡನ್ನು ಮೇಜಿಗಿಟ್ಟು, ಬಿಟ್ಟುಹೋದ ಚುಕ್ಕಿಯ ಜಾಗಕ್ಕೆ ಕೈಮೊಳೆ ಹಿಡಿದು, ಸುತ್ತಿಗೆಯಿಂದ ಒಂದೇ ಏಟು ಹಾಕಿದಳು. ಆಮೇಲೆ ನೇರ ಮೇಷ್ಟ್ರ ಕೋಣೆಗೆ ಹೋದಳು. ಶಾಲೆಗೆ ಬರೆದ ಕಾಗದ ಲಕೋಟೆಯೊಳಗೆ ಸೇರಿ ಮೇಜಿನ ಮೇಲೆ ಕೂತಿತ್ತು, ಅಂಟು ಹಚ್ಚುವುದಷ್ಟೇ ಬಾಕಿ.

‘ನೋಡಿ ಆಯ್ತಾ ಪ್ರೂಫು?’ ಎಂದರು ಮೇಷ್ಟ್ರು.

‘ಆಯ್ತು. ಒಂದು ತಪ್ಪು ಸಿಕ್ಕಿತು. ತಮ್ಮ ಹಿಡಿದ.’ ಯಾವ ತಪ್ಪೆಂದು ಹೇಳಿದಳು.

ಮೇಷ್ಟ್ರು ಪೆನ್ನು ಕೆಳಗಿಟ್ಟರು. ಅಂಥ ತಪ್ಪು ಮುನ್ನೂರ ನಲವತ್ತು ಮನೆಗೆ ಹೋಗಿದ್ದರೆ ಎಂದು ಯೋಚಿಸುತ್ತಿದ್ದಂತೆ ಕಂಡಿತು. ಲಕೋಟೆಯನ್ನು ಎತ್ತಿ, ಎರಡೂ ಕಡೆ ನೋಡಿ, ಮೇಜಿನ ಖಾನೆಗೆ ಹಾಕಿದರು. ‘ಮುಂದಿನ ತಿಂಗಳು ನೋಡೋಣ’ ಎಂದರು, ಎಂದಿನಂತೆ ಅಡ್ಡಗೋಡೆಯ ಮೇಲೆ. ಮತ್ತೆ ಹುಬ್ಬು ಗಂಟಿಕ್ಕಿ ಕೇಳಿದರು: ‘ಅದಿರಲಿ, ಇಂಥ ತಪ್ಪು ಮಾಡಿದ್ದು ಯಾರು?’

‘ನಾನು ಮೇಷ್ಟ್ರೇ, ನಾನೇ’ ಎಂದಳು ಚುಕ್ಕಿಯಕ್ಕ, ಬಹುಮಾನಕ್ಕೆ ಹೆಸರು ಕರೆದವರ ಹಾಗೆ.